ಬಬಲೇಶ್ವರದ ಎರೆಭೂತ

“ಸರೀರಿ, ಸರೀರಿ, ದಾರಿ ಬಿಡ್ರಿ,” ಎನ್ನುತ್ತ ಬಸಗೊಂಡಪ್ಪ ಗೆಳೆಯ ಸೈಫುದ್ದೀನನ ಗಾದಿ ಅಂಗಡಿಯ ಮುಂದೆ ಕೂತವರ ಕಾಲು ದಾಟಿ ಒಳಗೆ ನುಗ್ಗಿದ. ತಿಕೋಟಾದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ. ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಒಂದು ಕಾಲಿನ ಚಪ್ಪಲಿ ಕಳಚಿಹೋದದ್ದೂ ಅವನಿಗೆ ಗೊತ್ತಾಗಿರಲಿಲ್ಲ.

“ಇನ್ನಾ ಎತ್ತಿಲ್ಲಲ್ಲ?”

“ಇಲ್ರಿ ಕಾಕಾ,” ಎಂದ ಸೈಫುದ್ದೀನನ ಮಗ ಶಾಹಿದ. “ಮೈ ತೊಳದು ಕಫನ್ ಸುತ್ತೇವಿ. ಮಧ್ಯಾಹ್ನದ ನಮಾಜ್ ಆದಮ್ಯಾಲ ಮಣ್ಣು. ನೀವು ನೋಡ್ಬೇಕಂತ ಮಾರಿ ತೆರದಿಟ್ಟೇವಿ.”

ಹೊರಗೆ ಚಹಾದಂಗಡಿಯ ಅಮೀನಸಾಬ ಯಾರಿಗೋ ಹೇಳುತ್ತಿದ್ದ: “ಇವತ್ತ ಐತವಾರ ನೋಡ್ರಿ. ಸೈಫುಭಾಯ್ ಹಕ್ಕಿ ನೋಡೂ ದಿನಾನ ಹ್ವಾದ್ರು.”

“ಎರೆಭೂತಾನ ಬಂದು ಕರಕೊಂಡು ಹೋಗಿರಬೇಕು ಬಿಡೋ,” ಎಂದ ಪಾತ್ರೆ ಅಂಗಡಿಯ ಶಿವಶರಣಪ್ಪ. ಯಾರೋ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಪರದೆಯ ಹಿಂದಿನಿಂದ ಸೈಫುದ್ದೀನನ ಹೆಂಡತಿ ಬಾನುಬಿಯ ದನಿ ಬಂತು.

“ಅಣ್ಣಾರ, ಬಂದ್ರೇನು? ಉಸರು ನಿಲ್ಲೂತನಕಾ ಒಂದ ಮಾತು ಕೇಳಿದ್ರು. ‘ಬಸಗೊಂಡ ಹೂಂ ಅಂದನೇನು’ ಅಂತ. ನಾ ಏನ್ ಹೇಳಬೇಕ್ರಿ? ಜನಾ ನಕ್ಕಿದ್ದು ಅವರಿಗೆ ಹತ್ತಲಿಲ್ಲ. ನೀವು ಹೂಂ ಅನ್ನಲಾರದ್ದು ಹತ್ತಿತ್ತು. ಎತ್ತೂದ್ರಾಗ ಅದೊಂದು ಮಾತು ಆಡಿ ಕಳಸ್ರಿ.”

ಬಸಗೊಂಡಪ್ಪ ಹೆಣದ ಕಡೆಗೆ ನಡೆದ.

*

ಅದಾಗಿದ್ದು ಹಿಂದೊಂದು ಐತವಾರ ಮಧ್ಯಾಹ್ನ. ಬಬಲೇಶ್ವರದ ಆಚೆ, ಬಿಳಿಜೋಳ ಕೊಯ್ದು ಬರೀ ಕೂಳೆ ನಿಂತಿದ್ದ ಎರೆ ಹೊಲ. ವಾರವೆಲ್ಲ ಅರಳೆ ಹಿಂಜಿ ಗಾದಿ ತುಂಬುವ ಸೈಫುದ್ದೀನ, ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುವ ಬಸಗೊಂಡಪ್ಪ, ಇಬ್ಬರೂ ಐತವಾರ ಬಂತೆಂದರೆ ಇದ್ದೊಂದು ದುರ್ಬೀನು ಹಿಡಿದು ಹಕ್ಕಿ ನೋಡಲು ಹೊರಡುವವರು. ಅವರಲ್ಲೊಂದು ಕಟ್ಟಳೆ ಇತ್ತು. ಒಬ್ಬ ಕಂಡೆ ಎಂದರೆ ಸಾಲದು, ಇನ್ನೊಬ್ಬನೂ ನೋಡಿ ಹೂಂ ಅನ್ನಬೇಕು. ಆಗಲೇ ಅದು ಕಂಡ ಹಕ್ಕಿ. ಬಸಗೊಂಡಪ್ಪ ಇದನ್ನು ಶೆಡ್ಡಿನಿಂದ ತಂದಿದ್ದ. ಸಂಶಯ ಬಂದ ಕಾಳನ್ನು ಒಳ್ಳೆಯ ರಾಶಿಗೆ ಹಾಕುವಂತಿಲ್ಲ, ಆಚೆ ಒಗೆಯಬೇಕು.

“ಬಸಗೊಂಡ, ಎರೆಭೂತ ಲೇ!”

ಆಡಿನಷ್ಟು ಎತ್ತರದ, ಬಿಳಿ ಕುತ್ತಿಗೆಯ, ತಲೆಗೆ ಕರಿ ಟೊಪ್ಪಿಗೆ ಇಟ್ಟಂತಿರುವ ಹಕ್ಕಿ. ತಮ್ಮ ಅಪ್ಪಂದಿರ ಕಾಲಕ್ಕೇ ಅದು ಈ ಸೀಮೆಯಲ್ಲಿ ಮುಗಿಯಿತು ಎಂದು ಇಬ್ಬರೂ ಕೇಳಿದ್ದರು. ಬಸಗೊಂಡಪ್ಪ ದುರ್ಬೀನು ಕಸಿದುಕೊಂಡು, ಗಾಜು ಒರೆಸಿ ಕಣ್ಣಿಗೆ ಹಚ್ಚಿದ. ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಅದರೊಳಗೆ ಬೆಳ್ಳಗಿನದೊಂದು ನಿಂತಂತಾಗಿ, ಬಾಗಿದಂತಾಗಿ, ತಗ್ಗಿಗೆ ಇಳಿದುಹೋಯಿತು.

“ಕಂಡಿತಿಲ್ಲೋ?”

“ಏನೋ ಬೆಳ್ಳಗ ಕಂಡ್ತು. ಕೊಕ್ಕರೀನೂ ಇರಬೌದು.”

“ಕೊಕ್ಕರಿಗೆ ಕರೀ ಟೊಪಗಿ ಇರ್ತೈತೇನಲೇ?”

“ಟೊಪಗಿ ನಾ ನೋಡಲಿಲ್ಲ.”

“ನಾ ನೋಡೇನಿ!”

“ನನಗ ಸಂಶಯ ಐತಿ, ಸೈಫು. ಹೂಂ ಅನ್ನಾಕ ಬರೂದಿಲ್ಲ.”

ಮುಂದೆ ಎಷ್ಟೋ ಐತವಾರ ಅದೇ ಹೊಲಕ್ಕೆ ಹೋದರು. ಒಮ್ಮೆ ಬೆಳ್ಳಗೆ ನಿಂತದ್ದು ಜಾಲಿಮುಳ್ಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲವಾಗಿತ್ತು. ಒಮ್ಮೆ ಬಿಳಿ ಅರಿವೆ ಸುತ್ತಿಕೊಂಡು ಕಸ ತೆಗೆಯುತ್ತಿದ್ದ ಮುದುಕಿ. ಇನ್ನೊಮ್ಮೆ ಖರೇನೇ ಕೊಕ್ಕರೆ. ಅದು ಹಾರಿದಾಗ ಸೈಫುದ್ದೀನ ಹೆಂಟೆಯ ಮೇಲೆ ಕುಸಿದು ಕೂತು, ಬಹಳ ಹೊತ್ತು ಏಳಲಿಲ್ಲ. ತಿರುಗಿ ಬಂದಾಗ ಸ್ಟೇಷನ್ ರಸ್ತೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: “ಏನ್ ಸೈಫುಭಾಯ್, ಭೂತ ಸಿಕ್ಕಿತೇನು?”

*

ಬಸಗೊಂಡಪ್ಪ ಮೊಣಕಾಲೂರಿ ಹೆಣದ ಮುಖದ ಮೇಲೆ ಬಾಗಿದ. ಅತ್ತರಿನ ವಾಸನೆ ಮೂಗಿಗೆ ಅಡರಿತು. ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ಎಳೆದು ತಂದ. ಬೆಳ್ಳಗಿನದು ನಿಂತಿತು, ಬಾಗಿತು. ಈಗ ಅದಕ್ಕೆ ಕರಿ ಟೊಪ್ಪಿಗೆ ಇತ್ತು. ಮತ್ತೊಮ್ಮೆ ತಂದ, ಇರಲಿಲ್ಲ. ತಾನು ಕಂಡದ್ದೆಷ್ಟು, ಸೈಫು ಹೇಳಿ ಹೇಳಿ ತುಂಬಿದ್ದೆಷ್ಟು, ಬೇರೆ ಮಾಡಲು ಬರಲೊಲ್ಲದು.

“ಹೊತ್ತಾತ್ರಿ,” ಎಂದರು ಹೊರಗೆ.

“ಹೂಂ, ಸೈಫು!” ಬಸಗೊಂಡಪ್ಪ ಕೂಗಿಯೇ ಬಿಟ್ಟ. “ಕಂಡಿತ್ತು. ಎರೆಭೂತಾನ ಅದು. ಕರೀ ಟೊಪಗಿ ನಾನೂ ನೋಡೇನಿ!”

ಪರದೆಯ ಹಿಂದೆ ಬಾನುಬಿ ಹೋ ಎಂದು ಅತ್ತಳು. ಬಾಗಿಲಲ್ಲಿ ನಿಂತಿದ್ದ ಶಿವಶರಣಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ. “ಹಂಗಾರ... ಖರೇನ ಇತ್ತೇನ್ರಿ?”

ಬಸಗೊಂಡಪ್ಪ ಸೈಫುದ್ದೀನನ ಮುಖವನ್ನೇ ನೋಡುತ್ತಿದ್ದ. ಅದು ಮೊದಲು ಹೇಗಿತ್ತೋ ಹಾಗೇ ಇತ್ತು. ಶಾಹಿದ ಬಟ್ಟೆ ಎಳೆದು ಗಂಟು ಹಾಕಿದ.

*

ಬಸಗೊಂಡಪ್ಪ ಜನಾಜಾಕ್ಕೆ ಹೆಗಲು ಕೊಟ್ಟ, ಮಣ್ಣು ಕೊಟ್ಟ. “ನಡೀರಿ ಕಾಕಾ, ಒಂದ್ ತುತ್ತು ಉಣ್ಣೀರಂತ,” ಎಂದ ಶಾಹಿದನಿಗೆ ಬಂದೆ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ಹೋದ. ತಿಕೋಟಾದ ಬಸ್ಸು ನಿಂತಿತ್ತು. ಹತ್ತಲಿಲ್ಲ. ಬಬಲೇಶ್ವರದ್ದನ್ನು ಹತ್ತಿದ.

ಜೀವನದಲ್ಲಿ ಮೊದಲ ಸಲ ಸಂಶಯದ ಕಾಳನ್ನು ಒಳ್ಳೆಯ ರಾಶಿಗೆ ಹಾಕಿದ್ದ. ಸತ್ತವನ ಕಿವಿಯಲ್ಲಿ ಆಡಿದ ಮಾತು. ತಿರುಗಿ ಆರಿಸಿ ತೆಗೆಯಲು ಬರುವುದಿಲ್ಲ. ಇನ್ನು ಅದು ಖರೆಯಾಗಬೇಕಾದರೆ ಆ ಹಕ್ಕಿ ಇರಬೇಕು. ಒಂದೇ ಒಂದು ಇದ್ದರೂ ಸಾಕು.

ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು. ಹೊಲದ ನಡುವೆ ಬಂದವನು ಥಟ್ಟನೆ ನಿಂತ. ದೂರ, ತಗ್ಗಿನ ಅಂಚಿನಲ್ಲಿ, ಬೆಳ್ಳಗಿನದೊಂದು ನಿಂತಿತ್ತು.

“ಯಜಮಾನ್ರ, ಏನರ ಕಳಕೊಂಡೀರೇನು?” ಕುರಿ ಹೊಡೆದುಕೊಂಡು ಬಂದ ಕುರುಬನೊಬ್ಬ ಕೇಳಿದ.

“ಅಲ್ಲಿ... ಅದೇನದು?”

ಕುರುಬ ಕಣ್ಣಿಗೆ ಕೈ ಅಡ್ಡ ಹಿಡಿದ. “ಚೀಲ ಇರಬೇಕು. ಇಲ್ಲಾಂದ್ರ ಹಕ್ಕಿ. ತಡೀರಿ, ಹೋಗಿ ನೋಡಿ ಬರ್ತೀನಿ.”

ಅವನು ಹೆಜ್ಜೆ ಕಿತ್ತಿಟ್ಟದ್ದೇ ತಡ, ಬಸಗೊಂಡಪ್ಪ ಎರಡೂ ಕೈಯಿಂದ ಅವನ ಕಂಬಳಿ ಹಿಡಿದುಕೊಂಡ.

“ಬ್ಯಾಡೋ ಯಪ್ಪಾ, ಹೋಗಬ್ಯಾಡ! ಚೀಲ ಆಗಿತ್ತಂದ್ರ ನಾ ಏನ್ ಮಾಡ್ಲಿ?”

“ಯಾಕ್ರಿ, ಏನಾತು? ಕಂಬಳಿ ಬಿಡ್ರಿ!”

ಬಸಗೊಂಡಪ್ಪ ಬಿಡಲಿಲ್ಲ. ಕುರಿಗಳು ಮಾತ್ರ ತಲೆ ತಗ್ಗಿಸಿ ಕೂಳೆ ಮೇಯುತ್ತ, ಅವರಿಬ್ಬರನ್ನೂ ಬಳಸಿಕೊಂಡು, ಬೆಳ್ಳಗಿನದರ ಕಡೆಗೇ ನಡೆದಿದ್ದವು.