ಹೂವಿಗೆ ಬಂದ ಅಲಸಂದೆ

ಹೆಣ ಇನ್ನೂ ನಡುಮನೆಯಲ್ಲೇ ಇತ್ತು. ಅವನು ಕೆಲಸ ಮಾಡುತ್ತಿದ್ದ ಕೇಂದ್ರದ ನಿರ್ದೇಶಕರು ಆಗಲೇ ಹಿತ್ತಲಿಗೆ ಹೋಗಿ, ಬಗ್ಗಿ, ಅಲಸಂದೆಯ ಎಲೆ ಮಗುಚಿ ನೋಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ಸತ್ತವನ ಹೆಂಡತಿಗೆ ಕಣ್ಣೀರು ಅಲ್ಲೇ ಇಂಗಿಹೋಯಿತು. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಅವಳನ್ನು ಎಲ್ಲರೂ ದರ್ಜಿ ಅಮ್ಮ ಎನ್ನುತ್ತಿದ್ದರು.

"ನನ್ನ ಹಸುಗಳಿಗೂ ಮೇವು ಕಂಡ್ರೆ ಇಷ್ಟು ಆತ್ರ ಇಲ್ಲ," ಎಂದಳು ಪಕ್ಕದ ಮನೆಯ ಹಾಲಿನಕ್ಕ.

"ನೋಡ್ಲಿ ಬಿಡು. ಆ ಬಾಯಿಂದ ಇವತ್ತು ಒಂದು ಮಾತು ಬರಬೇಕು ನಂಗೆ. ಬಂದ್ರೆ, ಹಿತ್ತಲೆಲ್ಲ ಅವರದ್ದೇ."

ಸತ್ತವನೂ ನಿರ್ದೇಶಕರೂ ಒಂದೇ ಬೆಂಚಿನಲ್ಲಿ ಓದಿದವರು. ಮೇವಿನ ಬೆಳೆಗಳ ಕೇಂದ್ರಕ್ಕೆ ತಳಿವಿಜ್ಞಾನಿಗಳಾಗಿ ಜೊತೆಯಲ್ಲೇ ಸೇರಿದವರು. ಒಬ್ಬ ಹೊಲದಲ್ಲೇ ಉಳಿದ, ಇನ್ನೊಬ್ಬ ಕುರ್ಚಿ ಹತ್ತಿದ. ಹೊಲದವನು ತೆಗೆದ ಅಲಸಂದೆ ಹಳೆಯ ತಳಿಯ ಒಂದೂವರೆ ಪಟ್ಟು ಸೊಪ್ಪು ಕೊಟ್ಟಿತು. ಬಿಡುಗಡೆಯಾದದ್ದು ಮಾತ್ರ ಕುರ್ಚಿಯವನ ಹೆಸರಿನಲ್ಲಿ.

*

"ಅವನ ತಳಿಗೆ ತುಕ್ಕುರೋಗ ಹತ್ತಿದೆಯಂತೆ," ಎಂದಿದ್ದ ಗಂಡ, ಕೊನೆಯ ವಾರ, ದಿಂಬಿಗೆ ಒರಗಿಕೊಂಡು. "ಎಲ್ಲಾ ಗಿಡ ಒಂದೇ ಅಚ್ಚಿಂದು. ಒಂದು ಮಲಗಿದ್ರೆ ಎಲ್ಲಾ ಮಲಗ್ತವೆ. ನಾನು ಬಡ್ಕೊಂಡೆ, ಬೆರಕೆ ಸಾಲುಗಳನ್ನ ಕೀಳಿಸ್ಬೇಡ ಅಂತ."

ಕೀಳಿಸಿದ ಆ ಸಾಲುಗಳ ಬೀಜವನ್ನು ಅವನು ಜೇಬಿನಲ್ಲಿ ಮನೆಗೆ ತಂದಿದ್ದ. ಹಿತ್ತಲಲ್ಲಿ ಒಂದು ಗಿಡದ ಹಾಗೆ ಇನ್ನೊಂದಿರಲಿಲ್ಲ. ಒಂದರ ಎಲೆ ಅಂಗೈಯಗಲ, ಒಂದು ಬೇಲಿ ಹತ್ತುವ ಬಳ್ಳಿ, ಒಂದು ಎಲ್ಲಕ್ಕಿಂತ ತಡವಾಗಿ ಹೂ ಬಿಡುವ ಸೋಮಾರಿ. ಒಂದಕ್ಕೂ ತುಕ್ಕು ತಾಗಿರಲಿಲ್ಲ. ಡಬ್ಬಿಯಲ್ಲಿದ್ದ ಬೀಜಕ್ಕೆ ಹುಳ ಬಿದ್ದು, ಉಳಿದದ್ದನ್ನೆಲ್ಲ ಈ ಸಲ ಬಿತ್ತಿಬಿಟ್ಟಿದ್ದ.

"ಬಂದೇ ಬರ್ತಾನೆ ಅವನು. ಕೇಳಿದ್ರೆ ಕೊಟ್ಬಿಡು."

"ಸುಮ್ನೆ?"

"ತಳಿ ಯಾರದ್ದು ಅಂತ ಹಸುಗಳಿಗೇನು ಗೊತ್ತು ಕಣೆ?"

"ನಂಗೆ ಗೊತ್ತಲ್ಲ."

ಅವನು ನಕ್ಕು ಗೋಡೆಯ ಕಡೆ ಹೊರಳಿದ್ದ. ಅವಳು ಹೂಂ ಅನ್ನಲಿಲ್ಲ.

*

ನಿರ್ದೇಶಕರು ಹೆಣದ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ನೆರೆದವರಲ್ಲಿ ಅರ್ಧ ಜನ ಕೇಂದ್ರದವರೇ.

"ನಮ್ಮ ಅಲಸಂದೆ ತಳಿ ಎಲ್ಲರಿಗೂ ಗೊತ್ತು. ಅದನ್ನು ಅಭಿವೃದ್ಧಿಪಡಿಸುವಾಗ..." ಅವರ ಕಣ್ಣು ದರ್ಜಿ ಅಮ್ಮನ ಕಣ್ಣಿಗೆ ತಾಗಿತು. ಅವಳು ರೆಪ್ಪೆ ಬಡಿಯಲಿಲ್ಲ. "...ನನಗೆ ಇವನು ಬಹಳ ನೆರವಾದ. ಇಂಥ ಸಹಾಯಕ ಸಿಗುವುದು ಕಷ್ಟ."

ಆಮೇಲೆ ಅವಳ ಬಳಿ ಬಂದು ದನಿ ತಗ್ಗಿಸಿದರು. "ಅತ್ತಿಗೆ, ಹಿತ್ತಲಿನ ಗಿಡ ಇನ್ನೂ ಹೂವಲ್ಲಿದೆ. ಕಾಯಿ ಬಲಿತ ಮೇಲೆ ಆಳು ಕಳಿಸ್ತೀನಿ. ನೀವು ತೊಂದ್ರೆ ತಗೋಬೇಡಿ."

"ತಳಿ ತೆಗೆದೋರು ಯಾರು ಅಂತ ಇವರೆಲ್ಲರ ಮುಂದೆ ಒಂದ್ಸಲ ಹೇಳಿ. ಬಲಿಯೋ ತನಕ ನಾನೇ ಕಾವಲು ಕಾಯ್ತೀನಿ."

"ಅದಕ್ಕೆ ಇದು ಸಮಯವಲ್ಲ ಅತ್ತಿಗೆ."

"ಸಮಯ ನೋಡ್ಕೊಂಡು ಬಂದೋರು ನೀವು," ಎಂದು ಅವಳು ತಿರುಗಿದಳು. "ಹಾಲಿನಕ್ಕಾ, ಹಿತ್ತಲ ಬೇಲಿ ಬಾಗಿಲು ತೆಗಿ. ನಿನ್ನ ಹಸು ಬಿಡು."

"ಅಣ್ಣ ಕೈಯಾರೆ ಬಿತ್ತಿದ್ದು ಕಣಮ್ಮಾ..."

"ಬಿಡು ಅಂದ್ನಲ್ಲ."

ಎರಡು ಹಸುಗಳು ಹಿತ್ತಲಿಗೆ ನುಗ್ಗಿದವು. "ಬೇರೆಲ್ಲೂ ಒಂದು ಬೀಜ ಇಲ್ಲ ಅತ್ತಿಗೆ! ಹಿಡೀರೋ ಯಾರಾದ್ರೂ!" ಎಂದು ನಿರ್ದೇಶಕರು ಕೂಗಿದರು. ಕೇಂದ್ರದವರು ದರ್ಜಿ ಅಮ್ಮನ ಮುಖ ನೋಡಿದರು, ಯಾರೂ ಕದಲಲಿಲ್ಲ.

ಸೋಮಾರಿ ಗಿಡಕ್ಕೆ ಕೆಂದ ಹಸು ನಾಲಿಗೆ ಸುತ್ತಿದಾಗ, ಬಾಗಿಲಲ್ಲಿ ನಿಂತಿದ್ದ ಅವಳ ಕೈ ತಾನಾಗಿ ಮುಂದೆ ಹೋಯಿತು. ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

"ಅತ್ತಿಗೆ, ಗಾಡಿ ಕಾಯ್ತಿದೆ," ಎಂದ ಮೈದುನ.

"ಬಂದೆ," ಎಂದು ಹೊರಟಳು.

ಹಿಂದೆ, ಹಸುವಿನ ಕಾಲ ಸಂದಿಯಲ್ಲಿ ಮಂಡಿಯೂರಿದ್ದ ನಿರ್ದೇಶಕರು ತುಳಿದ ಬಳ್ಳಿಯಿಂದ ಒಂದು ಎಳೆಗಾಯಿ ಹೆಕ್ಕಿ ಉಗುರಿನಿಂದ ಸೀಳಿದರು. ಕಾಳು ಇನ್ನೂ ಕಟ್ಟಿರಲಿಲ್ಲ. ಬೆರಳಿಗೆ ಹಸಿರು ನೀರು ಅಂಟಿತು.