ಗುಂಪಿನಲ್ಲಿ ಅಪ್ಪ

ಸನ್ಯಾಸಿಯ ಗಡ್ಡದ ಅಂಚು ಕಿವಿಯ ಹತ್ತಿರ ಎದ್ದಿದೆ, ಅಂಟು ಬಿಟ್ಟಿರಬೇಕು, ಆ ಬಿಸಿಲಿಗೆ ಯಾವ ಅಂಟು ತಾನೇ ನಿಂತೀತು, ಗಡ್ಡ ಸುಳ್ಳಿನದಾದರೂ ಕಣ್ಣು ಸುಳ್ಳಿನದಲ್ಲ, ನೋಡಿದರೆ ಕೈ ತಾನಾಗಿ ಮುಗಿಯುತ್ತದೆ — ಪಾಳೇಗಾರ ಕೇಳುತ್ತಿದ್ದಾನೆ, ಎಲ್ಲಿದ್ದಾನೆ ನಿನ್ನ ದೇವರು, ಕರೆದು ತೋರಿಸು, ಸನ್ಯಾಸಿ ಮಾತಾಡುವುದಿಲ್ಲ, ಮಾತಿಲ್ಲದ ಆ ಜಾಗದಲ್ಲಿ ನನ್ನ ಬಾಯಿಂದ ಹೌದು ಗುರುವೇ ಎಂದು ಬಂದುಬಿಟ್ಟಿತು, ಮಗಳು ಪ್ರೀತಿ ನಕ್ಕಳು, ಅಮ್ಮ, ಇದು ಟೀವಿ ಕಣಮ್ಮ, ನೀನು ಸೊಲ್ಲು ಕೊಡ್ದಿದ್ರೂ ಮುಂದಕ್ಕೋಗುತ್ತೆ. ಹೋಗುತ್ತದೆ, ಅದೇ ಸೋಜಿಗ, ಕೇಳುವವರು ಬೇಕಿಲ್ಲದ ಕಥೆ, ಅಪ್ಪ ತಂಬೂರಿ ಹಿಡಿದು ಗುರುವಿನ ಪದ ಹೇಳುವಾಗ ಹಾಗಿರಲಿಲ್ಲ, ಊಂ ಎಂಬ ಸೊಲ್ಲು ಬೀಳದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ಮಂಡಿ ಮೊಹಲ್ಲಾದ ವಠಾರದಲ್ಲಿ ಆರು ವರ್ಷದ ನಾನು ಗೋಡೆಗೊರಗಿ ತೂಕಡಿಸಿದರೆ ಒಂದೇ ತಂತಿ ಮೀಟುತ್ತ ಕಾಯುತ್ತಿದ್ದರು, ತಿಮ್ಮವ್ವ, ಕುದ್ರೆ ಒಂದು ಕಾಲೆತ್ಕಂಡೇ ನಿಂತದೆ ಕಣವ್ವ, ನೀ ಊಂ ಅಂದ್ರೆ ಕಾಲು ಇಡ್ತದೆ. ಹಗಲೆಲ್ಲ ಮಂಡಿಯಲ್ಲಿ ಅಕ್ಕಿಮೂಟೆ ಹೊತ್ತ ಹೆಗಲು, ಸಂಜೆಯಾದರೆ ಅದರ ಮೇಲೆ ತಂಬೂರಿ. ಅಂಥ ಅಪ್ಪ ಈ ಸಿನಿಮಾದಲ್ಲಿ ಇದ್ದಾರೆ, ಹೆಸರಿಲ್ಲ, ಮಾತಿಲ್ಲ, ಊರಾಚೆಯ ಕೋಟೆಯಲ್ಲಿ ಸೂಟಿಂಗು, ಗುಂಪಿಗೆ ಜನ ಬೇಕೆಂದು ಮಂಡಿಯ ಬೀದಿಗೆ ಲಾರಿ ಬಂದಿತ್ತಂತೆ, ಅಪ್ಪ ಹತ್ತಿದರು, ಅವರ ತಮ್ಮ ಮಹದೇವ ಚಿಕ್ಕಪ್ಪನೂ ಹತ್ತಿದ, ನಾನಾಗ ಅವ್ವನ ಹೊಟ್ಟೆಯಲ್ಲಿ. ಸನ್ಯಾಸಿಗೆ ಕಲ್ಲು ಹೊಡೆಯುವ ಗುಂಪು. ಒಂದೇ ವಾರ ಓಡಿ ಎತ್ತಂಗಡಿಯಾದ ಸಿನಿಮಾ, ಅಪ್ಪ ನೋಡಲಿಲ್ಲ, ಅವ್ವ ನೋಡಲಿಲ್ಲ, ಈಗ ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದಾರೆ.

ಅವ್ವ ಹೇಳಿದ್ದು ಒಂದು ಥರ, ನಿಮ್ಮಪ್ಪ ಕಲ್ಲು ಕೆಳಕ್ಕಿಟ್ಟು ಕೈ ಮುಗುದ್ಬುಟ್ರು, ಸೂಟಿಂಗೇ ನಿಂತೋಯ್ತು, ಸಿನಿಮಾದೋರು ಬಯ್ದು ಹಿಂದಿನ ಸಾಲಿಗೆ ತಳ್ಳುದ್ರು. ಚಿಕ್ಕಪ್ಪ ಹೇಳುತ್ತಿದ್ದದ್ದು ಬೇರೆ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಅವ್ವನನ್ನು ರೇಗಿಸುತ್ತ, ಅಯ್ಯೋ ಅತ್ಗೆಮ್ಮ, ಎಲ್ರಿಗಿಂತ ಮೊದ್ಲು ಹೊಡ್ದೋನು ನಮ್ಮಣ್ಣನೇ, ಮಂಟಯ್ಯನ ಗುರಿ ಅಂದ್ರೆ ಸುಮ್ನೇನಾ. ಅಪ್ಪನನ್ನು ಕೇಳಿದರೆ ತಂಬೂರಿಯ ಬಿರಡೆ ತಿರುಗಿಸುತ್ತಿದ್ದರು. ನಾನು ಅವ್ವನ ಕಥೆಯನ್ನೇ ನಂಬಿದೆ, ನಂಬಿ ಬದುಕಿದೆ, ಪ್ರೀತಿಗೆ ಅದನ್ನೇ ಹೇಳಿ ಬೆಳೆಸಿದೆ, ಕೊನೆಗೆ ಅದನ್ನೇ ತೆಗೆದು ಮನೋಹರನಿಗೆ ಹೊಡೆದೆ — ತಮ್ಮ ಮನೋಹರ ಈಗ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ, ಪ್ರೀತಿ ಫೋನ್ ಮಾಡಿ ಕರೆಸಿದ್ದಾಳೆ, ಮಾವ, ತಾತನ ಸಿನಿಮಾ ಸಿಕ್ಕಿದೆ ಬನ್ನಿ ಅಂತ, ನಾನು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ, ಕಿಟಕಿಯಲ್ಲಿ ಅವನ ನರೆತ ಹಿಂದಲೆ ಕಾಣುತ್ತದೆ, ಸಿನಿಮಾವನ್ನು ಕಿವಿಯಲ್ಲೇ ನೋಡುತ್ತಿದ್ದಾನೆ. ಯುಗಾದಿಯ ಮಾರನೆಯ ದಿನ, ಹೊಸತೊಡಕು, ಕುಡಿದು ಬಂದು, ಎಲ್ಲ ಪದಾನೂ ನಿಂಗೇ ಕೊಟ್ಬುಟ್ರು ನಿಮ್ಮಪ್ಪ, ನಂಗೊಂದು ಸೊಲ್ಲೂ ಇಲ್ಲ ಎಂದು ಅಪ್ಪನ ತಂಬೂರಿಯನ್ನು ಅದೇ ಮೆಟ್ಟಿಲಿಗೆ ಬಡಿದ, ಅದರ ಬುರುಡೆ ಸೀಳಿಹೋಯಿತು. ನಾನು ಕೂಗಲಿಲ್ಲ, ಮೆಲ್ಲಗೇ ಹೇಳಿದೆ, ಕೈಗೆ ಬಂದ ಕಲ್ಲನ್ನೇ ಕೆಳಗಿಟ್ಟೋರು ಅವ್ರು, ನೀನು ಅವ್ರ ಮಗ ಅಲ್ಲ, ಈ ಹೊಸಲು ತುಳೀಬೇಡ. ನಾಲ್ಕು ತಿಂಗಳಾಯಿತು. ಕುಡಿತ ಬಿಟ್ಟಿದ್ದಾನಂತೆ. ಎರಡು ಸಲ ಗೇಟಿನವರೆಗೆ ಬಂದು ಹೋದ, ವಿಜಯನಗರದ ಈ ಬೀದಿಯಲ್ಲಿ ಎಲ್ಲರೂ ನೋಡಿದರು, ನಾನೂ ನೋಡಿದೆ, ಬಾಗಿಲು ತೆಗೆಯಲಿಲ್ಲ. ಇವತ್ತು ಅಪ್ಪ ಕಲ್ಲು ಕೆಳಗಿಡುವುದನ್ನು ಕಣ್ಣಾರೆ ನೋಡಿದರೆ ನಾನಾಡಿದ ಮಾತು ನಿಲ್ಲುತ್ತದೆ, ನೋಡಬೇಕು.

ಗುಂಪು ಬಂತು, ಧೂಳು, ಪ್ರೀತಿ ಮುಂದಕ್ಕೆ ಬಾಗಿದಳು, ಯಾರಮ್ಮ ತಾತ, ಇವ್ರಾ, ಇವ್ರಾ, ಎಲ್ಲರಿಗೂ ಒಂದೇ ರುಮಾಲು, ಒಂದೇ ಥರ ಮೀಸೆ, ಅಷ್ಟರಲ್ಲಿ ಕುಕ್ಕರಿನ ಜಾಹೀರಾತು, ಒಬ್ಬಳು ನಗುನಗುತ್ತ ಅನ್ನ ಬಡಿಸುತ್ತಾಳೆ, ಕಲ್ಲು ಹಿಡಿದ ಕೈಗಳೆಲ್ಲ ಅವಳ ಹಿಂದೆಲ್ಲೋ ಎತ್ತಿದಂತೆಯೇ ಕಾಯುತ್ತಿವೆಯೇ — ಆ ಕಲ್ಲುಗಳು ಕಾಗದ ಅರೆದು ಮಾಡಿದ್ದಂತೆ, ಹಪ್ಪಳದಷ್ಟೇ ತೂಕವಂತೆ, ಹಾಗಾದರೆ ಕಾಗದದ ಕಲ್ಲಿಗೆ ಕಾಗದದಷ್ಟೇ ಪಾಪವೋ, ತೂಕ ಕಲ್ಲಿನದೋ ಕೈಯದೋ, ಯಾರನ್ನು ಕೇಳುವುದು. ಮತ್ತೆ ಧೂಳು, ಕೈಗಳು, ಸನ್ಯಾಸಿಯ ಹಣೆಯಲ್ಲಿ ಕಪ್ಪಗೆ ಹರಿಯುವ ರಕ್ತ, ಈ ಕಪ್ಪುಬಿಳುಪು ಸಿನಿಮಾದಲ್ಲಿ ರಕ್ತಕ್ಕೂ ಕುಂಕುಮಕ್ಕೂ ಒಂದೇ ಬಣ್ಣ, ಎಡಗಡೆ ಒಂದು ಹೆಗಲು ಕಂಡಂತಾಯಿತು, ಅಷ್ಟರಲ್ಲಿ ಹೋಯಿತು. ನಿಲ್ಲಿಸಲೇನಮ್ಮ ಎಂದಳು, ಬೇಡ ಎಂದೆ, ಕೆಟ್ಟ ಜಾಗದಲ್ಲಿ ಕಥೆ ನಿಲ್ಲಿಸಬಾರದು, ಒಳ್ಳೆಯದು ಬರುವವರೆಗೆ ಹೇಳಿಸಿಕೊಂಡೇ ಏಳಬೇಕು, ಕೇಳುವವರ ನಿಯಮ ಅದು. ಒಳ್ಳೆಯದು ಬಂತು. ಪಾಳೇಗಾರನ ಕಣ್ಣು ಹೋಯಿತು, ಕುದುರೆ ಹೋಯಿತು, ಕೋಲೂರಿಕೊಂಡು ಬೆಟ್ಟ ಹತ್ತಿದ, ಸನ್ಯಾಸಿಯ ಕಾಲು ಹಿಡಿದು ಅತ್ತ, ಸನ್ಯಾಸಿ ಅವನ ತಲೆ ಸವರಿದರು, ಗಂಟೆ, ಮಂಗಳ. ಪ್ರೀತಿ ಕಣ್ಣೊರೆಸಿಕೊಂಡಳು, ನನಗೆ ಮಾತ್ರ ಒಂದು ಸಣ್ಣ ಯೋಚನೆ ಹತ್ತಿ ಕೂತಿದೆ — ದೊರೆಗೇನೋ ಕ್ಷಮೆ ಸಿಕ್ಕಿತು, ಕಲ್ಲು ಹೊಡೆದ ಆ ಗುಂಪು ಎಲ್ಲಿ ಹೋಯಿತು, ಅವರು ಯಾರ ಕಾಲು ಹಿಡಿದರು, ಅವರಿಗೊಂದು ಬೆಟ್ಟವನ್ನು ಯಾರೂ ತೋರಿಸಲಿಲ್ಲವಲ್ಲ, ಅವತ್ತೇ ಲಾರಿ ಹತ್ತಿಸಿ ಮಂಡಿಗೆ ಕಳಿಸಿಬಿಟ್ಟರಲ್ಲ.

ಹಿಂದಕ್ಕೆ ತಗೊ ಪ್ರೀತಿ. ಪದದಲ್ಲಿ ಹಿಂದಕ್ಕೆ ಹೋಗುವಂತಿಲ್ಲ, ಸತ್ತವನು ಒಂದೇ ಸಲ ಸಾಯಬೇಕು, ಇಲ್ಲಿ ಬೆರಳು ಒತ್ತಿದರೆ ಸನ್ಯಾಸಿಯ ಹಣೆ ಮತ್ತೆ ವಾಸಿ, ಕಲ್ಲುಗಳು ಹಾರಿ ಬಂದು ಕೈ ಸೇರಿದವು. ನಿಲ್ಸು, ಅಲ್ಲೇ. ಬಲಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ, ಮೂಟೆ ಹೊತ್ತು ಇಳಿದ ಹೆಗಲು, ಅಪ್ಪ, ಇಪ್ಪತ್ತೈದರ ಅಪ್ಪ, ನನಗಿಂತ ಎಷ್ಟು ಚಿಕ್ಕವರು, ಪ್ರೀತಿಯ ಗಂಡನಷ್ಟೂ ವಯಸ್ಸಿಲ್ಲ. ಹಿಂದಿನ ಸಾಲಲ್ಲ, ಮುಂದಿನದು. ಒಂದೊಂದೇ ಚಿತ್ರ ಮುಂದಕ್ಕೆ ಬಿಡು ಎಂದೆ, ಬಿಟ್ಟಳು, ಕೈ ಮೇಲೆ ಹೋಯಿತು, ಇಡುತ್ತಾರೆ, ಈಗ ಇಡುತ್ತಾರೆ, ಕೈ ಇನ್ನೂ ಹಿಂದಕ್ಕೆ ಹೋಯಿತು, ಸೊಂಟ ತಿರುಗಿತು, ಹೊಡೆದರು. ಮಿಕ್ಕವರ ಕಲ್ಲು ಇನ್ನೂ ಕೈಯಲ್ಲೇ ಇದೆ. ಮುಖದಲ್ಲಿ ಕೋಪವಿಲ್ಲ, ಮೂಟೆಯನ್ನು ಲಾರಿಗೆ ಎಸೆಯುವಾಗಿನ ಮುಖ, ಹೇಳಿದ ಕೆಲಸವನ್ನು ನೆಟ್ಟಗೆ ಮಾಡುವ ಮುಖ. ಹಾಗಾದರೆ ಅವ್ವನಿಗೆ ಆ ಕಥೆ ಯಾರು ಹೇಳಿದರು, ಅವ್ವ ಲಾರಿ ಹತ್ತಿರಲಿಲ್ಲವಲ್ಲ, ಅಪ್ಪನೇ ಹೇಳಿದರೋ, ಅವತ್ತು ಬಂದು ಅಪ್ಪ ಅನ್ನ ಬಿಟ್ಟು ಕೂತಿದ್ದರೋ ಏನೋ, ಅದನ್ನು ನೋಡಲಾರದೆ ಅವ್ವನೇ ಕಟ್ಟಿಕೊಟ್ಟರೋ, ತಂಬೂರಿ ಮುಟ್ಟುವ ಮೊದಲು ಬಲಗೈಯೊಂದನ್ನೇ ಬೇರೆ ಚೊಂಬಿನ ನೀರಲ್ಲಿ ತೊಳೆಯುತ್ತಿದ್ದರು ಅಪ್ಪ, ಗುರುವಿನ ಪದ ಹೇಳುವ ನೀಲಗಾರರ ನಿಯಮವಿರಬೇಕು ಅಂದುಕೊಂಡಿದ್ದೆ, ಬೇರೆ ಯಾವ ನೀಲಗಾರರೂ ಹಾಗೆ ತೊಳೆದದ್ದನ್ನು ನಾನು ಕಾಣಲಿಲ್ಲ, ಇಷ್ಟು ವರ್ಷ ಕೇಳಬೇಕೆಂದೂ ಅನ್ನಿಸಲಿಲ್ಲ. ಕಿಟಕಿಯಾಚೆಯಿಂದ ಮನೋಹರನ ದನಿ, ಅಕ್ಕ, ಸದ್ದೇ ನಿಂತೋಯ್ತಲ್ಲ, ಸಿಕ್ಕುದ್ರಾ ಅಪ್ಪ, ಕೆಳಗಿಟ್ರಾ. ಇಟ್ಟರು ಅನ್ನಬಹುದು, ಅವ್ವ ಅಂದರಲ್ಲ, ಪ್ರೀತಿ ನನ್ನನ್ನೇ ನೋಡುತ್ತಿದ್ದಾಳೆ, ಇಟ್ಟರು ಅಂದರೆ ಅವನು ಎದ್ದು ಸುಮ್ಮನೆ ಹೋಗುತ್ತಾನೆ, ಜಗಳವಾಡುವುದಿಲ್ಲ, ಇನ್ನೊಂದು ಸಲ ಬರುವುದೂ ಇಲ್ಲ. ಇಲ್ಲ ಕಣೋ, ಹೊಡುದ್ರು, ಎಲ್ರಿಗಿಂತ ಮೊದ್ಲು ಹೊಡುದ್ರು, ಬಾ ಒಳಕ್ಕೆ, ನೀನೂ ನೋಡು. ಚಪ್ಪಲಿ ಬಿಟ್ಟ ಸದ್ದು, ಬಂದ, ಕುರ್ಚಿ ಬಿಟ್ಟು ನೆಲದ ಮೇಲೆ ನನ್ನ ಮಗ್ಗುಲಿಗೆ ಕೂತ, ಸೋಪಿನ ವಾಸನೆ, ಮುಂದಕ್ಕೆ ಬಿಡ್ಲೇನಮ್ಮ ಎಂದಳು ಪ್ರೀತಿ, ಬೇಡ, ಇರ್ಲಿ ಎಂದೆ — ಕಲ್ಲು ಆಗಲೇ ಚಿತ್ರದಿಂದಾಚೆ ಹೋಗಿದೆ, ಅಪ್ಪನ ಕೈ ಗಾಳಿಯಲ್ಲೇ ಉಳಿದಿದೆ, ಐದು ಬೆರಳೂ ಬಿಚ್ಚಿಕೊಂಡು, ಒಳಗೆ ಏನೂ ಇಲ್ಲ, ಬೇರೆ ಚೊಂಬಿನ ನೀರಲ್ಲಿ ತೊಳೆಯುತ್ತಿದ್ದ ಕೈ, ಆ ಕೈ