ಬಾಲಾಟದ ಪೆಟ್ಟಿಗೆ

ಟೀವಿ ಮೇಜನ್ನು ಗೋಡೆಯಿಂದ ದರದರ ಎಳೆದ ಸದ್ದು ಕೇಳಿ, ಗಂಡನ ಕಾಲ ಹತ್ತಿರ ಕೂತಿದ್ದ ಇಂದ್ರಮ್ಮ ಅಳು ನಿಲ್ಲಿಸಿ ತಲೆಯೆತ್ತಿದಳು.

"ಒಳ್ಗೆ ಯಾರಕ್ಕಾ?" ಎಂದು ಪಕ್ಕದಲ್ಲಿದ್ದ ವಾರಗಿತ್ತಿ ರಾಮಲಕ್ಷ್ಮಮ್ಮನನ್ನು ಕೇಳಿದಳು.

"ನಮ್ ಕುಮಾರೇಶ ಕಣೆ. ಆ ಕಂಪ್ಯೂಟ್ರು ಬಿಚ್ತಾವ್ನೆ. ನಿಮ್ ಭಾವ ಯೋಳವ್ರೆ, ಮಣ್ಣಿಗೆ ಓಗುವಾಗ ಅದನ್ನೂ ಜೊತೆಗೆ ಆಕ್ಬುಡಾನ ಅಂತ."

ಗಂಡ ಹೋದದ್ದು ಒಂದು ಪೆಟ್ಟು. ಅದರ ಹಿಂದೆ ಇಂಥದ್ದೊಂದು ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಶಾಮಿಯಾನದ ಕೆಳಗೆ ಮುತ್ತರಾಯಪ್ಪ ಹೊಸ ಪಂಚೆ ಉಟ್ಟು ಮಲಗಿದ್ದ. ನಿನ್ನೆ ಮೊದಲ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದವನು, ಒಂದು ಲೋಟ ಕಾಫಿ ಕೊಡು ಎಂದು ಗೋಡೆಗೆ ಒರಗಿದ್ದ. ಕಾಫಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ತೊರಪಲ್ಲಿಯ ಅರ್ಧ ಊರು ಅಂಗಳದಲ್ಲಿತ್ತು. ಹೊಸೂರಿನ ಗಡಿಯಾರದ ಫ್ಯಾಕ್ಟರಿಯವರು ಒಂದು ಬಸ್ಸು ತುಂಬ ಬಂದಿದ್ದರು. ತಮಿಳಿನಲ್ಲಿ ಕೆಲವರು, ತೆಲುಗಿನಲ್ಲಿ ಕೆಲವರು, ಕನ್ನಡದಲ್ಲಿ ಕೆಲವರು, ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ಯಾರ ತಂಟೆಗೂ ಹೋದವನಲ್ಲ, ಡ್ಯೂಟಿ ಉಂಟು, ಮನೆಯುಂಟು, ಟೀವಿಯಲ್ಲಿ ಆಡುವ ಆ ಬಾಲಾಟ ಉಂಟು.

ಆ ಮನೆತನದಲ್ಲೊಂದು ರೂಢಿ. ಸತ್ತವರಿಗೆ ಯಾವುದರ ಮೇಲೆ ಆಸೆಯಿತ್ತೋ ಅದನ್ನು ಅವರ ಜೊತೆ ಗುಣಿಗೆ ಹಾಕಿಬಿಡಬೇಕು. ಇಲ್ಲದಿದ್ದರೆ ಜೀವ ಹೊಸ್ತಿಲು ಬಿಟ್ಟು ಹೋಗುವುದಿಲ್ಲ ಅಂತ ನಂಬಿಕೆ. ಮಾವನ ಜೊತೆ ನಶ್ಯದ ಡಬ್ಬಿ ಹೋಗಿತ್ತು. ಅತ್ತೆಯ ಜೊತೆ ಎಲೆಅಡಿಕೆ ಕುಟ್ಟುವ ಕುಟ್ಟಾಣಿ ಹೋಗಿತ್ತು, ಅದನ್ನು ಅಟ್ಟದಿಂದ ಹುಡುಕಿ ತಂದುಕೊಟ್ಟವಳು ಇಂದ್ರಮ್ಮನೇ. ಈಗ ಬೇಡ ಎನ್ನುವುದಕ್ಕೆ ಅವಳಿಗೆ ಯಾವ ಬಾಯಿ?

ಆದರೂ ವಾರಗಿತ್ತಿಯ ಸೆರಗು ಹಿಡಿದು ಜಗ್ಗಿದಳು. "ಅಕ್ಕಾ, ಅದೊಂದು ಬ್ಯಾಡ ಅನ್ನು ಭಾವಂಗೆ."

"ಯಾಕೇ? ನೀನೇ ತಾನೆ ಅದನ್ನ ವೊಳೆಗೆ ಎಸ್ದುಬತ್ತೀನಿ ಅಂತಿದ್ದೋಳು? ಪಾಪ, ಅವ್ಳಿಗೆ ಆ ದರಿದ್ರ ಕಂಡ್ರೆ ಆಗಾಕಿಲ್ಲ, ಮೊದ್ಲು ಅದನ್ನ ಮನೆಯಿಂದ ಈಚೆಗೆ ಆಕ್ರಿ ಅಂತ ನಿಮ್ ಭಾವನೇ ಅಂದ್ರು."

ಇಂದ್ರಮ್ಮ ಹಿಡಿದಿದ್ದ ಸೆರಗು ಬಿಟ್ಟಳು. ತಾನೇ ತೋಡಿಕೊಂಡ ಹಳ್ಳ. ಭಾವ ಮುನಿವೆಂಕಟಪ್ಪನ ಎದುರಿಗೆ ನಿಂತು ತಾನೇ ಹೇಳೋಣವೆಂದರೆ, ಮದುವೆಯಾಗಿ ಬಂದಂದಿನಿಂದ ಅವನ ಮುಖ ನೋಡಿ ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಇಲ್ಲವೇ ಅಕ್ಕನ ಕೈಲಿ ಹೇಳಿಸುವುದು.

*

ಪೆಟ್ಟಿಗೆ ಆ ಮನೆಗೆ ಬಂದದ್ದು ಫ್ಯಾಕ್ಟರಿಯ ಇಂಜಿನಿಯರೊಬ್ಬ ವರ್ಗವಾಗಿ ಹೋಗುವಾಗ. ಸಾಮಾನು ಕಟ್ಟಲು ಹೋದ ಮುತ್ತರಾಯಪ್ಪನಿಗೆ, ಇದು ನನಗೆ ಬೇಡ, ನೀನಿಟ್ಟುಕೋ ಎಂದು ಕೊಟ್ಟಿದ್ದ. ಪೆಟ್ಟಿಗೆ ಅನ್ನುವುದು ಊರವರ ಬಾಯಲ್ಲಿ. ನೋಡಿದರೆ ಬರೀ ಒಂದು ಕಪ್ಪು ಕೀಬೋರ್ಡು. ಟೀವಿಗೆ ಸಿಕ್ಕಿಸಬೇಕು, ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಬೇಕು. ಕ್ಯಾಸೆಟ್ಟು ಕಿರ್ರೋ ಎಂದು ಕಿರುಚಿ ಮುಗಿಸುವ ತನಕ ಉಸಿರು ಬಿಗಿಹಿಡಿದು ಕಾದರೆ ಟೀವಿ ತುಂಬ ಹಸಿರು ಮೈದಾನ, ಅದರಲ್ಲಿ ಕೆಂಪು ಬಣ್ಣದವರು, ಹಳದಿ ಬಣ್ಣದವರು, ಒಂದು ಬಿಳಿ ಚುಕ್ಕೆಯ ಚೆಂಡು. ಕೆಲವೊಮ್ಮೆ ಕಿರುಚಿ ಕಿರುಚಿ ಕೊನೆಗೆ ಏನೂ ಬರುತ್ತಿರಲಿಲ್ಲ. ಆಗ ಮುತ್ತರಾಯಪ್ಪ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಟೇಪಿನ ಹೆಡ್ಡು ಒರೆಸಿ, ದೇವರಿಗೆ ಕೈಮುಗಿದು, ಮತ್ತೆ ಮೊದಲಿಂದ ಶುರುಮಾಡುತ್ತಿದ್ದ.

ಮೊದಮೊದಲು ಅವನೊಬ್ಬನೇ ಆಡುತ್ತಿದ್ದ. ಒಂದು ದಿನ ಒಬ್ಬರೇ ಆಡುವ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ಹರಿದುಹೋಯಿತು. ಉಳಿದ ಕ್ಯಾಸೆಟ್ಟಿನ ಆಟಕ್ಕೆ ಇಬ್ಬರು ಬೇಕು. ಇಂದ್ರಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇದನ್ನ ಸುಮ್ಕೆ ಇಡ್ಕ. ನೀನೇನೂ ಮಾಡ್ಬ್ಯಾಡ," ಎಂದು ಆಟಗಾರರನ್ನು ಓಡಿಸುವ ಎರಡನೇ ಜಾಯ್‌ಸ್ಟಿಕ್ಕನ್ನು ಅವಳ ತೊಡೆಯ ಮೇಲಿಟ್ಟ.

ಅವಳು ಸುಲಿಯುತ್ತಲೇ ಇದ್ದಳು. ಕೆಂಪಿನವರೆಲ್ಲ ನೆಟ್ಟ ಗೂಟದ ಹಾಗೆ ನಿಂತಿದ್ದರು. ಹಳದಿಯವರು ಹೋಗಿ ಗೋಲು ಹೊಡೆದರು, ಮತ್ತೆ ಹೋಗಿ ಹೊಡೆದರು, ಮತ್ತೂ ಹೊಡೆದರು. ಪ್ರತಿ ಗೋಲಿಗೂ ಮುತ್ತರಾಯಪ್ಪ ತೊಡೆ ತಟ್ಟಿಕೊಂಡು ಹಿಗ್ಗುವುದನ್ನು ನೋಡಿ ಅವಳಿಗೆ ರೇಗಿಹೋಯಿತು. "ನಿಂತೋರ ಮೇಲೆ ಗೆದ್ದು ಮೀಸೆ ತಿರುವ್ತೀಯಲ್ಲ, ನಾಚ್ಕೆ ಆಗಾಕಿಲ್ವಾ?" ಎಂದು ಮೊರ ಪಕ್ಕಕ್ಕೆ ಸರಿಸಿದಳು. ಆವತ್ತು ಸಾರು ಆಗಲಿಲ್ಲ, ಮಜ್ಜಿಗೆಯಲ್ಲೇ ಊಟ ಮುಗಿಯಿತು.

ಆಮೇಲೆ ಅದು ದಿನದ ಮಾತಾಯಿತು. ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, ಬಾಗಿಲು ಮುಚ್ಚಿಕೊಂಡರೆ ಕೆಂಪು ಅವಳದು, ಹಳದಿ ಅವನದು. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಅವಳು ಹಳೆಯ ಹಸಿರು ಸೀರೆಯ ಅಂಚು ಹರಿದು ತನ್ನ ಜಾಯ್‌ಸ್ಟಿಕ್ಕಿಗೆ ಸುತ್ತಿಕೊಂಡಳು. ಊರ ಮುಂದೆ ಗಂಡನನ್ನು ಅವರು, ಇವರು ಎನ್ನುತ್ತಿದ್ದವಳು ಆಟಕ್ಕೆ ಕೂತರೆ "ಬಾಲ್ ಬುಡ್ಲಾ" ಎನ್ನುತ್ತಿದ್ದಳು. ಅವನಿಗೆ ಅದನ್ನು ಕೇಳುವುದೇ ಒಂದು ಖುಷಿ.

ಹೊರಗೆ ಮಾತ್ರ ಗೊತ್ತಾಗಕೂಡದು. ಮಕ್ಕಳಿಲ್ಲದ ಮನೆ. ಗಂಡಸು ಆಡಿದರೆ ಅವನಿಗೊಂದು ಹುಚ್ಚು ಎಂದು ಊರು ನಕ್ಕು ಬಿಡುತ್ತದೆ. ಹೆಂಗಸು ಆಡಿದಳೆಂದರೆ, ಮಗು ಆಡಿಸುವ ಯೋಗವಿಲ್ಲ, ಬೊಂಬೆ ಆಡಿಸುತ್ತಾಳೆ ಎನ್ನುತ್ತದೆ. ಅದಕ್ಕೇ ಕ್ಯಾಸೆಟ್ಟು ಕಿರುಚಲು ಶುರುವಾದ ಕೂಡಲೇ ಇಂದ್ರಮ್ಮ ಬೀದಿಗೆ ಕೇಳುವಂತೆ ಗಂಟಲು ತೆಗೆಯುತ್ತಿದ್ದಳು: ಈ ದರಿದ್ರ ಆರಿಸ್ತೀರೋ ಇಲ್ಲಾ ಎತ್ತಿ ವೊಳೆಗೆ ಬಿಸಾಕ್ಲೋ? ಪಕ್ಕದ ಮನೆಯ ದೊಡ್ಡಮುನಿಯಮ್ಮ ಗೋಡೆಯಾಚೆಯಿಂದ ಲೊಚಗುಟ್ಟುವುದು ಕೇಳಿಸಿದ ಮೇಲೆ ಬಂದು ಕೂತು ಆಟ ಶುರುಮಾಡುತ್ತಿದ್ದಳು.

*

"ಟೈಮ್ ಆಯ್ತು, ಬಾಯಿಗಕ್ಕಿ ಮುಗೀತಲ್ಲ, ಎತ್ತೋಣ್ವಾ?" ಎಂದ, ಚಟ್ಟ ಕಟ್ಟಿ ನಿಂತಿದ್ದ ಸೊಣ್ಣಪ್ಪ.

"ತಡಿ," ಎಂದ ಮುನಿವೆಂಕಟಪ್ಪ. ಒಳಗಿನಿಂದ ಕುಮಾರೇಶ ರಾಗಿಚೀಲವೊಂದನ್ನು ಹೊತ್ತು ತಂದು ಇಳಿಸಿದ. ಮೋಟಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು, ವಯರುಗಳನ್ನೆಲ್ಲ ಅಚ್ಚುಕಟ್ಟಾಗಿ ಸುತ್ತಿದ್ದ. ಚೀಲದ ಬಾಯಿಂದ ಕಪ್ಪು ಕೀಬೋರ್ಡಿನ ಮೂಲೆ ಕಾಣುತ್ತಿತ್ತು.

ಇಂದ್ರಮ್ಮ ಅದನ್ನೇ ನೋಡುತ್ತ ಕೂತಳು. ಇವತ್ತು ಸಂಜೆ ಜನ ಇರುತ್ತಾರೆ. ತಿಥಿಯ ತನಕ ಯಾರಾದರೂ ಇದ್ದೇ ಇರುತ್ತಾರೆ. ಆಮೇಲೆ ಎಲ್ಲರೂ ಹೋಗುತ್ತಾರೆ, ಕಂಪನಿ ಬಸ್ಸು ಬಂದು ಬೇರೆಯವರನ್ನು ಇಳಿಸಿ ಹೋಗುತ್ತದೆ, ಆಗ ಕೈ ಸುಮ್ಮನಿರುವುದು ಹೇಗೆ? ತನಗೆ ಆಟ ಬೇಕು ಎಂದು ಅವಳಿಗೆ ಅನ್ನಿಸಿತು. ಗಂಡನ ಹೆಣದ ಮುಂದೆ ಕೂತು ಹೀಗೆ ಅನ್ನಿಸುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಬೇಕು ಅನ್ನುವುದು ಹೋಗಲಿಲ್ಲ.

ಕುಮಾರೇಶ ಚೀಲದೊಳಗೆ ಕೈಹಾಕಿ ಬಟ್ಟೆ ಸುತ್ತಿದ ಜಾಯ್‌ಸ್ಟಿಕ್ಕನ್ನು ತೆಗೆದ. "ಇದೇ ಇರ್ಬೇಕು ಕಣಪ್ಪಾ ಚಿಕ್ಕಪ್ಪಂದು. ಆಡಿ ಆಡಿ ಸವೆಸ್ಬುಟ್ಟವ್ರೆ. ಇದನ್ನ ಕೈಗೆ ಕೊಟ್ಬುಡಾನ, ಮಿಕ್ಕಿದ್ದು ಚೀಲದ ಸಮೇತ ಗುಣಿಗೆ ಆಕಾನ."

ಬಗ್ಗಿ ಅದನ್ನು ಮುತ್ತರಾಯಪ್ಪನ ಎದೆಯ ಮೇಲಿಟ್ಟ. ಹಸಿರು ಅಂಚು ಹೊಸ ಪಂಚೆಯ ಮೇಲೆ ಎದ್ದು ಕಂಡಿತು.

"ಅದು ಅವ್ರದಲ್ಲ," ಎಂದಳು ಇಂದ್ರಮ್ಮ. "ನಂದು."

ಮುನಿವೆಂಕಟಪ್ಪ ತಿರುಗಿದ. ತಮ್ಮನ ಹೆಂಡತಿ ಎದ್ದು ನಿಂತಿದ್ದಳು, ಅವನ ಮುಖವನ್ನೇ ನೋಡುತ್ತಿದ್ದಳು. "ನಿಂದು ಅಂದ್ರೇನಮ್ಮ?"

"ನಾನಾಡೋದು ಭಾವ. ದಿನಾ ಸಂಜೆ ಇಬ್ರೂ ಆಡ್ತಿದ್ವಿ. ಬೈತಿದ್ದದ್ದೆಲ್ಲ ಊರಿಗೆ ಕೇಳ್ಲಿ ಅಂತ. ಪೆಟ್ಟಿಗೇನ ಮಣ್ಣಿಗೆ ಆಕ್ಬ್ಯಾಡಿ. ನಂಗೆ ಬೇಕು."

"ಅಯ್ಯೋ ಶಿವ್ನೇ," ಎಂದು ಕೆನ್ನೆಗೆ ಕೈಯಿಟ್ಟುಕೊಂಡಳು ದೊಡ್ಡಮುನಿಯಮ್ಮ. "ಗಂಡ ಇನ್ನೂ ಅಂಗ್ಳದಾಗವ್ನೆ, ಇವ್ಳಿಗೆ ಬಾಲಾಟ ಬೇಕಂತೆ. ಕೇಳಿದ್ರಾ?"

ಎಲ್ಲರೂ ಕೇಳಿದ್ದರು. ಇಷ್ಟು ವರ್ಷ ಯಾವ ಮಾತಿಗೆ ಹೆದರಿ ಬಾಗಿಲು ಮುಚ್ಚಿದ್ದಳೋ ಆ ಮಾತು ಬಂದೇಬಿಟ್ಟಿತ್ತು. ಇಂದ್ರಮ್ಮ ಕೂರಲಿಲ್ಲ.

ಮುನಿವೆಂಕಟಪ್ಪ ತಮ್ಮನ ಮುಖ ನೋಡಿದ. ಆಮೇಲೆ ಕೇಳಿದ: "ಯಾರು ಗೆಲ್ತಿದ್ದಿದ್ದು?"

"ನಾನೇ ಜಾಸ್ತಿ."

"ಬಿಟ್ಕೊಡ್ತಿದ್ನೇನೋ. ಚಿಕ್ಕೋನಾಗಿದ್ದಾಗ್ಲಿಂದ ಮೆತ್ಗೆ ಅವ್ನು."

"ಇಲ್ಲ ಭಾವ," ಎಂದಳು ಇಂದ್ರಮ್ಮ. ಮಾತಿನಲ್ಲಿ ಸಿಟ್ಟಿತ್ತು. "ಒಂದಿನಾನೂ ಬಿಟ್ಕೊಟ್ಟೋರಲ್ಲ. ಸೋತ್ರೆ ಮುಖ ಗಂಟಾಕ್ಕೊಂಡು ಊಟಾನೇ ಬ್ಯಾಡ ಅನ್ನೋರು."

ಫ್ಯಾಕ್ಟರಿಯವರ ಗುಂಪಿನಲ್ಲಿ ಯಾರೋ ನಕ್ಕು ತಡೆದುಕೊಂಡರು. ಮುನಿವೆಂಕಟಪ್ಪ ಹೆಗಲ ಟವಲು ತೆಗೆದು ಮುಖವನ್ನೆಲ್ಲ ಒರೆಸಿಕೊಂಡ, ತುಂಬ ಹೊತ್ತು ಒರೆಸಿಕೊಂಡ.

"ಪೆಟ್ಟಿಗೇನ ಒಳ್ಗೆ ಇಟ್ಟು ಬಾರ್ಲಾ," ಎಂದ ಮಗನಿಗೆ. ಆಮೇಲೆ ಇಂದ್ರಮ್ಮನ ಕಡೆ ತಿರುಗಿ, "ಅವ್ನದು ಯಾವ್ದೋ, ನೀನೇ ಕೊಡಮ್ಮ," ಎಂದ.

ಅವಳು ಚೀಲದಿಂದ ಇನ್ನೊಂದನ್ನು ತೆಗೆದಳು. ಗಂಡನ ಎದೆಯ ಮೇಲಿದ್ದ ತನ್ನದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಬೆರಳುಗಳು ಬಿಗಿದುಹೋಗಿದ್ದವು, ಒಂದೊಂದನ್ನೇ ನೀವಿ ಬಿಡಿಸಿ, ಅವನು ಹಿಡಿಯುತ್ತಿದ್ದ ಹಾಗೆ ಎಡಗೈಯಲ್ಲಿ ಹಿಡಿಸಿದಳು. ಬಲಗೈಯ ಹೆಬ್ಬೆರಳನ್ನು ಗುಂಡಿಯ ಮೇಲೆ ಕೂರಿಸಿದಳು. ಅದು ಜಾರಿತು. ಮತ್ತೆ ಕೂರಿಸಿ, ನಿಲ್ಲುವ ತನಕ ಒತ್ತಿ ಹಿಡಿದುಕೊಂಡಳು. ಹೆಂಗಸರು ಯಾರೂ ಅವಸರ ಮಾಡಲಿಲ್ಲ.

ಚಟ್ಟದ ಮೇಲೆ ಮಲಗಿಸಿದಾಗ ಜಾಯ್‌ಸ್ಟಿಕ್ಕಿನ ವಯರು ಪಕ್ಕಕ್ಕೆ ಜೋತುಬಿದ್ದು ನೆಲ ಮುಟ್ಟಿತು. ಕುಮಾರೇಶ ಕುಡುಗೋಲು ತಂದ.

"ಕುಯ್ಬ್ಯಾಡ ಬುಡ್ಲಾ," ಎಂದ ಮುನಿವೆಂಕಟಪ್ಪ.

ನಾಲ್ವರು ಎತ್ತಿದರು. ತಮಟೆ ಮುಂದೆ ಹೋಯಿತು. ಹೆಂಗಸರು ಬೀದಿಯ ಕೊನೆಗೆ ನಿಂತರು, ಅಲ್ಲಿಂದಾಚೆ ಅವರು ಹೋಗುವಂತಿಲ್ಲ. ಎರಚಿದ ಪುರಿಯ ಮೇಲೆ ವಯರು ಎಳೆದುಕೊಂಡು ಹೋಗುತ್ತಿತ್ತು, ಅದರ ತುದಿಯ ಪಿನ್ನು ಕಲ್ಲಿನಿಂದ ಕಲ್ಲಿಗೆ ಎಗರುತ್ತಿತ್ತು. ಹಿಂದಿನವರು ಯಾರೋ ತುಳಿಯಲಿದ್ದರು. ಮುನಿವೆಂಕಟಪ್ಪ ಬಗ್ಗಿ ಅದನ್ನೆತ್ತಿ, ಅದಕ್ಕಂಟಿದ್ದ ಧೂಳನ್ನು ಪಂಚೆಗೆ ಒರೆಸಿ, ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡ. ಹಾಗೇ ತಮ್ಮನ ಪಕ್ಕದಲ್ಲಿ ನಡೆದ. ಚಟ್ಟ ಹೊಳೆಯ ದಾರಿಗೆ ತಿರುಗುವ ತನಕ ಇಂದ್ರಮ್ಮ ನೋಡಿದಳು, ಅವನು ಅದನ್ನು ಬಿಡಲಿಲ್ಲ.